ಏಳು ಸ್ಪೀಕರ್‌ಗಳ ಮಾತು, ಎರಡು ಕಿವಿಗಳ ಲೆಕ್ಕ

ಕಂಪ್ಯೂಟರ್ ಆಟಗಳಿಗೆಂದೇ ಮಾರಾಟವಾಗುವ ಹೆಡ್‌ಫೋನ್‌ಗಳ ಪೆಟ್ಟಿಗೆಯನ್ನು ನೀವು ಅಂಗಡಿಯಲ್ಲಿ ನೋಡಿರಬಹುದು. ಅನೇಕ ಪೆಟ್ಟಿಗೆಗಳ ಮೇಲೆ ‘7.1 ಸರೌಂಡ್’ ಎಂಬ ಮಾತು ದೊಡ್ಡ ಅಕ್ಷರಗಳಲ್ಲಿರುತ್ತದೆ. ಆಟದಲ್ಲಿ ಎದುರಾಳಿ ಹಿಂದಿನಿಂದ ಬಂದರೆ ಅವನ ಹೆಜ್ಜೆಯ ಸದ್ದು ಹಿಂದಿನಿಂದಲೇ ಕೇಳಿಸುತ್ತದೆ ಎಂಬುದು ಇದರ ಭರವಸೆ. ಈ ಅಂಕಿಯನ್ನು ನಂಬಿ ಹೆಚ್ಚು ಹಣ ಕೊಡುವ ವಿದ್ಯಾರ್ಥಿಗಳು ಕಡಿಮೆಯೇನಲ್ಲ. ಹಣ ಮಾತ್ರ ಅವರ ತಂದೆತಾಯಿಯರದು.

7.1 ಎಂದರೇನು? ಕೇಳುಗನ ಸುತ್ತ ಏಳು ಸ್ಪೀಕರ್‌ಗಳು, ಜೊತೆಗೆ ತಗ್ಗಿನ ಸದ್ದುಗಳಿಗೆಂದೇ ಮೀಸಲಾದ ಇನ್ನೊಂದು. ಇದು ಚಿತ್ರಮಂದಿರದ ಅಥವಾ ಮನೆಯ ಹಜಾರದ ಲೆಕ್ಕ. ಹೆಡ್‌ಫೋನಿಗೆ ‘ಸುತ್ತ’ ಎಂಬುದೇ ಇಲ್ಲ. ಅದು ಬಲ್ಲದ್ದು ಎಡಗಿವಿ ಮತ್ತು ಬಲಗಿವಿಯನ್ನು ಮಾತ್ರ. ಹಾಗಿರುವಾಗ ಸ್ಪೀಕರ್‌ಗಳ ಎಣಿಕೆಯಿಂದ ಹೆಡ್‌ಫೋನಿನ ಗುಣವನ್ನು ಅಳೆಯುವುದು ಸರಿಯೇ? ಸರಿಯಲ್ಲ ಎಂಬುದು ಈ ಲೇಖನದ ವಾದ. ದಿಕ್ಕಿನ ಅರಿವು ಇರುವುದು ಸ್ಪೀಕರ್‌ಗಳ ಸಂಖ್ಯೆಯಲ್ಲಲ್ಲ, ನಮ್ಮ ಕಿವಿಗಳ ಆಕಾರದಲ್ಲಿ ಮತ್ತು ಮಿದುಳಿನ ಲೆಕ್ಕಾಚಾರದಲ್ಲಿ. ಇದನ್ನು ತಿಳಿದವರು ಕಡಿಮೆ ಖರ್ಚಿನಲ್ಲೇ ಒಳ್ಳೆಯ ಧ್ವನಿ ಪಡೆಯಬಲ್ಲರು.

ಈ ವಾದವನ್ನು ಪರೀಕ್ಷಿಸಲು ದೂರದ ಪ್ರಯೋಗಾಲಯ ಬೇಕಿಲ್ಲ. ರಾಮನಗರ, ಚನ್ನಪಟ್ಟಣ, ಮಾಗಡಿ ಮತ್ತು ಕನಕಪುರ ತಾಲ್ಲೂಕುಗಳಲ್ಲೇ ಬೇಕಾದ ಉದಾಹರಣೆಗಳು ಸಿಗುತ್ತವೆ. ಒಂದೊಂದನ್ನೇ ನೋಡೋಣ.

ರಾಮನಗರದ ಬಂಡೆಗಳು, ‘ಶೋಲೆ’ಯ ಸದ್ದು

ಸರೌಂಡ್ ಧ್ವನಿ ಹುಟ್ಟಿದ್ದು ಸಿನಿಮಾಕ್ಕಾಗಿ. ಆದ್ದರಿಂದ ಸಿನಿಮಾದಿಂದಲೇ ಆರಂಭಿಸುವುದು ನ್ಯಾಯ. ರಮೇಶ್ ಸಿಪ್ಪಿ ನಿರ್ದೇಶಿಸಿದ ಹಿಂದಿ ಚಿತ್ರ ‘ಶೋಲೆ’ಯ ಚಿತ್ರೀಕರಣ 1973ರ ಅಕ್ಟೋಬರ್‌ನಲ್ಲಿ ರಾಮನಗರದ ಬೆಟ್ಟಗಳ ನಡುವೆ ಆರಂಭವಾಯಿತು. ಚಿತ್ರದಲ್ಲಿ ಬರುವ ಹಳ್ಳಿಯನ್ನು ಅಲ್ಲಿಯೇ ಕಟ್ಟಲಾಗಿತ್ತು. 1975ರ ಆಗಸ್ಟ್ 15ರಂದು ಬಿಡುಗಡೆಯಾದ ಈ ಚಿತ್ರ 70 ಎಂಎಂ ಪರದೆ ಮತ್ತು ಸ್ಟೀರಿಯೊಫೋನಿಕ್ ಧ್ವನಿಯಿಂದಲೂ ಹೆಸರಾಯಿತು. ಬೀಳುವ ನಾಣ್ಯದ ಸದ್ದು ಕೇಳಿ ಪ್ರೇಕ್ಷಕರು ತಮ್ಮ ಕುರ್ಚಿಯ ಕೆಳಗೆ ಹುಡುಕಿದರಂತೆ ಎಂಬ ಮಾತು ಇಂದಿಗೂ ಚಾಲ್ತಿಯಲ್ಲಿದೆ. ಅದು ನಿಜವೋ ಕಟ್ಟುಕತೆಯೋ, ಒಂದು ಒಳ್ಳೆಯ ಪ್ರಶ್ನೆಯನ್ನಂತೂ ಎತ್ತುತ್ತದೆ: ಸದ್ದು ಇರುವ ಜಾಗವನ್ನು ನಾವು ಹೇಗೆ ತೀರ್ಮಾನಿಸುತ್ತೇವೆ?

70 ಎಂಎಂ ಪ್ರತಿಗಳಲ್ಲಿ ಫಿಲ್ಮಿನ ಮೇಲೆ ಕಾಂತೀಯ ಲೇಪನದ ಆರು ಧ್ವನಿಪಥಗಳನ್ನು ಕೊಡಬಹುದಾಗಿತ್ತು. ಈ ಪದ್ಧತಿಯ ಮೂಲ ಏರ್ಪಾಟಿನಲ್ಲಿ ಐದು ಪಥಗಳು ಪರದೆಯ ಹಿಂದಿನ ಐದು ಸ್ಪೀಕರ್‌ಗಳಿಗೆ ಹೋಗುತ್ತಿದ್ದವು. ಉಳಿದ ಒಂದೇ ಪಥ ಸಭಾಂಗಣದ ಗೋಡೆಗಳಲ್ಲಿದ್ದ ಸ್ಪೀಕರ್‌ಗಳಿಗೆಲ್ಲ ಸೇರಿ ಹಂಚಿಕೆಯಾಗುತ್ತಿತ್ತು. ಎಂದರೆ ಪರದೆಯ ಅಗಲದಲ್ಲಿ ಸದ್ದನ್ನು ಎಡದಿಂದ ಬಲಕ್ಕೆ ಓಡಿಸಬಹುದಿತ್ತು. ಹಿಂದಿನ ಸದ್ದಿಗೆ ಮಾತ್ರ ‘ಎಲ್ಲೋ ಸುತ್ತಮುತ್ತ’ ಎಂಬುದಕ್ಕಿಂತ ಖಚಿತವಾದ ವಿಳಾಸವಿರಲಿಲ್ಲ.

ಆದರೂ ‘ಶೋಲೆ’ಯ ಸದ್ದು ಪರಿಣಾಮಕಾರಿ. ಕಾರಣವನ್ನು ಚಿತ್ರದಲ್ಲೇ ಕಾಣಬಹುದು. ಗಬ್ಬರ್ ಸಿಂಗ್ ಮೊದಲು ಕಾಣಿಸಿಕೊಳ್ಳುವ ದೃಶ್ಯವನ್ನು ಮತ್ತೊಮ್ಮೆ ನೋಡಿ. ಬಂಡೆಯ ಮೇಲೆ ನಡೆಯುವ ಬೂಟುಗಳು, ಕಲ್ಲಿಗೆ ತಾಗುತ್ತ ಬರುವ ಸೊಂಟಪಟ್ಟಿ. ಠಾಕೂರರ ಮನೆಯವರ ಹತ್ಯೆಯ ದೃಶ್ಯದಲ್ಲಿ ಉಯ್ಯಾಲೆಯ ಕಿರಗುಟ್ಟುವಿಕೆ. ಇವೆಲ್ಲ ಗೀರುವ, ಬಡಿಯುವ, ಉಜ್ಜುವ ಸದ್ದುಗಳು. ಅವುಗಳ ಸುತ್ತ ಮೌನಕ್ಕೆ ಜಾಗ ಬಿಡಲಾಗಿದೆ. ಒಂದು ಸದ್ದಿನ ಮೇಲೆ ಇನ್ನೊಂದನ್ನು ಹೇರಿಲ್ಲ. ಧ್ವನಿಪಥಗಳ ಸಂಖ್ಯೆಗಿಂತ ಈ ಸಂಯಮವೇ ಚಿತ್ರದ ನಿಜವಾದ ಬಲ ಎಂದು ಹೇಳಬೇಕಾಗುತ್ತದೆ.

ಇನ್ನೊಂದು ಕಾರಣ ಪ್ರೇಕ್ಷಕನ ಕಣ್ಣು. ಬೂಟು ಪರದೆಯ ಮೇಲೆ ಎಲ್ಲಿ ಕಾಣುತ್ತದೆಯೋ ಸದ್ದು ಅಲ್ಲಿಂದಲೇ ಬಂದಂತೆ ಮಿದುಳು ತಿಳಿಯುತ್ತದೆ. ಗೊಂಬೆಯನ್ನು ಮಾತಾಡಿಸುವ ಕಲಾವಿದ ತನ್ನ ತುಟಿ ಅಲುಗಿಸದೆ ಗೊಂಬೆಯ ಬಾಯಿ ಅಲುಗಿಸಿದಾಗ ಮಾತು ಗೊಂಬೆಯದೆನಿಸುವುದೂ ಇದರಿಂದಲೇ. ಸಿನಿಮಾದಲ್ಲಿ ಕಣ್ಣು ಕಿವಿಗೆ ನೆರವಾಗುತ್ತದೆ. ಆದರೆ ಆಟದಲ್ಲಿ ಹಿಂದಿನಿಂದ ಬರುವ ಎದುರಾಳಿ ಪರದೆಯ ಮೇಲೆ ಇರುವುದೇ ಇಲ್ಲ. ಅಲ್ಲಿ ಕಿವಿ ಒಂಟಿಯಾಗಿಯೇ ಕೆಲಸ ಮಾಡಬೇಕು. ಸಿನಿಮಾಕ್ಕೆ ಸಾಕಾದ ಉಪಾಯ ಆಟಕ್ಕೆ ಸಾಲದು ಎಂಬುದಕ್ಕೆ ಇದು ಮೊದಲ ಕಾರಣ.

ಕಿವಿ ದಿಕ್ಕನ್ನು ಅರಿಯುವ ಬಗೆ

ಒಂದು ಸಣ್ಣ ಲೆಕ್ಕ ಮಾಡಿ. ವಯಸ್ಕರ ಎರಡು ಕಿವಿಗಳ ನಡುವಿನ ಅಂತರ ಸುಮಾರು 17.5 ಸೆಂ.ಮೀ. ನಿಮ್ಮ ಬಲಗಡೆ ಯಾರೋ ಚಪ್ಪಾಳೆ ತಟ್ಟಿದರೆ ಆ ಸದ್ದು ಎಡಗಿವಿಯನ್ನು ತಲುಪಲು ತಲೆಯನ್ನು ಬಳಸಿಕೊಂಡು ಸುಮಾರು 22.5 ಸೆಂ.ಮೀ. ಹೆಚ್ಚು ಸಾಗಬೇಕು. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ 344 ಮೀಟರ್ ಎಂದಿಟ್ಟುಕೊಂಡರೆ ತಡವಾಗುವುದು ಸುಮಾರು 0.65 ಮಿಲಿಸೆಕೆಂಡ್. ಎರಡು ಕಿವಿಗಳ ನಡುವೆ ಸಿಗಬಹುದಾದ ಗರಿಷ್ಠ ಕಾಲವ್ಯತ್ಯಾಸ ಹೆಚ್ಚುಕಡಿಮೆ ಇಷ್ಟೇ. ಅನುಕೂಲ ಸಂದರ್ಭದಲ್ಲಿ ನಮ್ಮ ಮಿದುಳು ಸೆಕೆಂಡಿನ ಲಕ್ಷದಲ್ಲೊಂದು ಭಾಗದಷ್ಟು, ಅಂದರೆ 10 ಮೈಕ್ರೊಸೆಕೆಂಡುಗಳಷ್ಟು, ಚಿಕ್ಕ ವ್ಯತ್ಯಾಸವನ್ನೂ ಗುರುತಿಸಬಲ್ಲದು. ನೇರ ಮುಂದಿರುವ ಸದ್ದು ಸುಮಾರು 1 ಡಿಗ್ರಿ ಸರಿದರೂ ನಮಗೆ ತಿಳಿಯುವುದು ಇದರಿಂದಲೇ.

ಎರಡನೆಯ ಸುಳಿವು ತೀವ್ರತೆಯ ವ್ಯತ್ಯಾಸ. 200 ಹರ್ಟ್ಸ್ ಆವೃತ್ತಿಯ ಸದ್ದಿನ ತರಂಗದೂರ 1.7 ಮೀಟರ್, ಅದು ತಲೆಯನ್ನು ಸುಲಭವಾಗಿ ಬಳಸಿ ಹೋಗುತ್ತದೆ. ಆವೃತ್ತಿ 1500 ಹರ್ಟ್ಸ್ ಆದಾಗ ತರಂಗದೂರ ಸುಮಾರು 23 ಸೆಂ.ಮೀ.ಗೆ ಇಳಿದು ತಲೆಯ ಗಾತ್ರಕ್ಕೆ ಹತ್ತಿರವಾಗುತ್ತದೆ. ಅಲ್ಲಿಂದ ಮೇಲೆ ತಲೆ ನೆರಳು ಬೀಳಿಸುತ್ತದೆ. ಆಚೆಯ ಕಿವಿಗೆ ಸದ್ದು ಕುಗ್ಗಿ ಕೇಳುತ್ತದೆ. ತಗ್ಗಿನ ಆವೃತ್ತಿಗಳಿಗೆ ಕಾಲ, ಎತ್ತರದ ಆವೃತ್ತಿಗಳಿಗೆ ತೀವ್ರತೆ ಎಂಬ ಈ ವಿವರಣೆಯನ್ನು ಲಾರ್ಡ್ ರ‍್ಯಾಲೆ 1907ರಲ್ಲಿ ಮಂಡಿಸಿದರು.

ಆದರೆ ಇವೆರಡರಿಂದ ಎಡ-ಬಲ ಮಾತ್ರ ತಿಳಿಯುತ್ತದೆ. ನೇರ ಮುಂದಿರುವ ಸದ್ದು ಮತ್ತು ನೇರ ಹಿಂದಿರುವ ಸದ್ದು ಎರಡೂ ಕಿವಿಗಳನ್ನು ಒಂದೇ ಹೊತ್ತಿಗೆ, ಒಂದೇ ತೀವ್ರತೆಯಲ್ಲಿ ತಲುಪುತ್ತವೆ. ಹಾಗಾದರೆ ಮುಂದು-ಹಿಂದು, ಮೇಲು-ಕೆಳಗು ಗೊತ್ತಾಗುವುದು ಹೇಗೆ? ಇಲ್ಲಿ ಹೊರಕಿವಿಯ ಮಡಿಕೆಗಳು ಕೆಲಸಕ್ಕೆ ಬರುತ್ತವೆ. 6000 ಹರ್ಟ್ಸ್ ಸದ್ದಿನ ತರಂಗದೂರ 6 ಸೆಂ.ಮೀ.ಗಿಂತ ಕಡಿಮೆ, ಅಂದರೆ ಹೊರಕಿವಿಯ ಗಾತ್ರದಷ್ಟೇ. ಅಂಥ ಸದ್ದುಗಳು ಮಡಿಕೆಗಳಲ್ಲಿ ಪ್ರತಿಫಲಿಸಿ ಕೆಲವು ಆವೃತ್ತಿಗಳು ಹಿಗ್ಗುತ್ತವೆ, ಕೆಲವು ಕುಗ್ಗುತ್ತವೆ. ಹಿಗ್ಗು-ಕುಗ್ಗಿನ ಈ ನಕ್ಷೆ ದಿಕ್ಕಿನಿಂದ ದಿಕ್ಕಿಗೆ ಬದಲಾಗುತ್ತದೆ. ಮಿದುಳು ಅದನ್ನು ಹುಟ್ಟಿನಿಂದ ಕಲಿಯುತ್ತ ಬಂದಿರುತ್ತದೆ. ಇಷ್ಟಾದರೂ ಅನುಮಾನ ಉಳಿದರೆ ನಾವು ತಲೆ ಹೊರಳಿಸುತ್ತೇವೆ; ಸದ್ದು ಯಾವ ಕಿವಿಯತ್ತ ಸರಿಯಿತು ಎಂಬುದರಿಂದ ಮುಂದೋ ಹಿಂದೋ ಎಂಬುದು ಇತ್ಯರ್ಥವಾಗುತ್ತದೆ.

ಚನ್ನಪಟ್ಟಣದ ಗಿಲಕಿಯಿಂದ ಒಂದು ಪ್ರಯೋಗ

ಇದನ್ನು ತರಗತಿಯಲ್ಲಿ ತೋರಿಸಬಹುದು. ಚನ್ನಪಟ್ಟಣದ ಅರಗಿನ ಬಣ್ಣದ ಮರದ ಗಿಲಕಿಯೊಂದನ್ನು ತನ್ನಿ. ಒಬ್ಬ ವಿದ್ಯಾರ್ಥಿಯ ಕಣ್ಣಿಗೆ ಬಟ್ಟೆ ಕಟ್ಟಿ ಮೈದಾನದ ನಡುವೆ ಕೂರಿಸಿ. ಸುತ್ತ ಎಂಟು ದಿಕ್ಕುಗಳಲ್ಲಿ ಗುರುತು ಹಾಕಿ. ಬೇರೊಬ್ಬರು ಸದ್ದಿಲ್ಲದೆ ನಡೆದು ಯಾವುದಾದರೂ ಗುರುತಿನಲ್ಲಿ ನಿಂತು ಗಿಲಕಿಯನ್ನು ಒಮ್ಮೆ ಅಲ್ಲಾಡಿಸಲಿ. ಕುಳಿತವನು ತಲೆ ಅಲುಗಿಸದೆ ಕೈಯಿಂದ ದಿಕ್ಕು ತೋರಿಸಲಿ. ನಲವತ್ತು ಸಲ ಮಾಡಿ ಸರಿ-ತಪ್ಪುಗಳ ಪಟ್ಟಿ ಬರೆಯಿರಿ.

ಈಗ ಗಿಲಕಿಯ ಬದಲು ಮೊಬೈಲ್ ಫೋನಿನಿಂದ 1000 ಹರ್ಟ್ಸ್‌ನ ಶುದ್ಧ ಸ್ವರವನ್ನು ನುಡಿಸಿ ಅದೇ ಪ್ರಯೋಗ ಮಾಡಿ. ತಪ್ಪುಗಳು, ಅದರಲ್ಲೂ ಮುಂದು-ಹಿಂದಿನ ತಪ್ಪುಗಳು, ಹೆಚ್ಚಾಗುವುದನ್ನು ಕಾಣುವಿರಿ. ಗಿಲಕಿಯೊಳಗಿನ ಕಾಳುಗಳು ಮರಕ್ಕೆ ಬಡಿದಾಗ ಅನೇಕ ಆವೃತ್ತಿಗಳು ಒಟ್ಟಿಗೆ ಹುಟ್ಟುತ್ತವೆ; ಹೊರಕಿವಿಗೆ ಕೆಲಸ ಮಾಡಲು ಬೇಕಾದಷ್ಟು ಸಾಮಗ್ರಿ ಸಿಗುತ್ತದೆ. ಶುದ್ಧ ಸ್ವರದಲ್ಲಿ ಇರುವುದು ಒಂದೇ ಆವೃತ್ತಿ. ಹಿಗ್ಗು-ಕುಗ್ಗನ್ನು ಹೋಲಿಸಿ ನೋಡಲು ಅಲ್ಲಿ ಏನೂ ಇಲ್ಲ.

ಮೂರನೆಯ ಸುತ್ತಿನಲ್ಲಿ ವಿದ್ಯಾರ್ಥಿ ತನ್ನ ಹೊರಕಿವಿಗಳ ಮಡಿಕೆಗಳನ್ನು ಬೆರಳುಗಳಿಂದ ಮಡಚಿ ಹಿಡಿದು, ರಂಧ್ರ ಮುಚ್ಚದಂತೆ ನೋಡಿಕೊಂಡು, ಗಿಲಕಿಯ ಸದ್ದನ್ನು ಕೇಳಲಿ. ಎಡ-ಬಲದ ತೀರ್ಪು ಬಹುಮಟ್ಟಿಗೆ ಉಳಿದು ಮುಂದು-ಹಿಂದಿನ ತೀರ್ಪು ಕೆಡುವ ಸಂಭವ ಹೆಚ್ಚು. ನಾಲ್ಕನೆಯ ಸುತ್ತಿನಲ್ಲಿ ತಲೆ ಹೊರಳಿಸಲು ಬಿಟ್ಟು, ಗಿಲಕಿಯನ್ನು ಬಿಡದೆ ಅಲ್ಲಾಡಿಸಿ. ತಪ್ಪುಗಳು ಇಳಿಯುತ್ತವೆ. ‘ಶಬ್ದ’ದ ಪಾಠದಲ್ಲಿ ತರಂಗವನ್ನು ಕಲಿಸಿ ಕಿವಿಯನ್ನು ಚಿತ್ರಕ್ಕೆ ಸೀಮಿತಗೊಳಿಸುವ ರೂಢಿಗೆ ಈ ಪ್ರಯೋಗ ಒಂದು ಪರಿಹಾರವೂ ಆಗಬಹುದು.

ಹೆಡ್‌ಫೋನ್ ಹಾಕಿದಾಗ

ಈಗ ಹೆಡ್‌ಫೋನಿಗೆ ಬನ್ನಿ. ಚಿತ್ರಮಂದಿರದಲ್ಲಿ ಸ್ಪೀಕರ್ ದೂರದಲ್ಲಿರುತ್ತದೆ. ಅದರ ಸದ್ದು ನಿಮ್ಮ ಎರಡೂ ಕಿವಿಗಳನ್ನು ತಲುಪುತ್ತದೆ, ನಿಮ್ಮ ತಲೆಯ ನೆರಳು ಮತ್ತು ಹೊರಕಿವಿಯ ಮಡಿಕೆಗಳ ಮೂಲಕವೇ ಹಾಯ್ದು ಬರುತ್ತದೆ. ನೀವು ತಲೆ ಹೊರಳಿಸಿದರೆ ಸ್ಪೀಕರ್ ಇದ್ದಲ್ಲೇ ಇರುತ್ತದೆ. ಹೆಡ್‌ಫೋನಿನಲ್ಲಿ ಇದಾವುದೂ ಇಲ್ಲ. ಎಡದ ಸದ್ದು ಎಡಗಿವಿಗೆ ಮಾತ್ರ, ಬಲದ್ದು ಬಲಗಿವಿಗೆ ಮಾತ್ರ. ತಲೆ ಹೊರಳಿಸಿದರೆ ಸದ್ದಿನ ಲೋಕವೇ ಜೊತೆಯಲ್ಲಿ ಹೊರಳುತ್ತದೆ. ಪರಿಣಾಮವಾಗಿ ಸದ್ದು ಹೊರಗಿನಿಂದ ಬಂದಂತೆ ಅನಿಸದೆ ತಲೆಯೊಳಗೆ, ಎರಡು ಕಿವಿಗಳ ನಡುವಿನ ಒಂದು ಗೆರೆಯ ಮೇಲೆ ಓಡಾಡುತ್ತದೆ. ‘ಶೋಲೆ’ಯನ್ನು ಸಾಮಾನ್ಯ ಹೆಡ್‌ಫೋನಿನಲ್ಲಿ ಕೇಳಿದರೆ ಕುರ್ಚಿಯ ಕೆಳಗೆ ಯಾರೂ ಹುಡುಕಲಾರರು.

ಇದಕ್ಕೆ ಪರಿಹಾರವಿದೆ. ಸದ್ದು ಒಂದು ದಿಕ್ಕಿನಿಂದ ಬಂದಾಗ ಕಿವಿಯ ರಂಧ್ರದ ಬಾಯಲ್ಲಿ ಅದು ಹೇಗೆ ಬದಲಾಗಿರುತ್ತದೆ ಎಂಬುದನ್ನು ಸಣ್ಣ ಮೈಕ್‌ಗಳಿಂದ ಅಳೆಯಬಹುದು. ದಿಕ್ಕು ಮತ್ತು ಬದಲಾವಣೆಯ ಈ ಸಂಬಂಧಕ್ಕೆ ತಲೆಸಂಬಂಧಿ ವರ್ಗಾವಣೆ ಫಲನ ಎನ್ನಬಹುದು. ಆಟಗಳಲ್ಲಿ ಇದು ‘ಎಚ್‌ಆರ್‌ಟಿಎಫ್’ ಎಂಬ ಹೆಸರಿನಲ್ಲಿ ಕಾಣಿಸಿಕೊಳ್ಳುತ್ತದೆ. ಅಮೆರಿಕದ ಎಂಐಟಿಯ ಸಂಶೋಧಕರು 1994ರಲ್ಲಿ ಮನುಷ್ಯನ ತಲೆಯ ಮಾದರಿಯೊಂದರ ಮೇಲೆ ಮಾಡಿದ ಅಳತೆಗಳನ್ನು ಎಲ್ಲರಿಗೂ ಮುಕ್ತವಾಗಿ ಕೊಟ್ಟರು. ಒಂದು ಹೆಜ್ಜೆಯ ಸದ್ದನ್ನು ಈ ಫಲನದ ಮೂಲಕ ಹಾಯಿಸಿದರೆ ಎರಡೇ ವಾಹಿನಿಗಳ ಹೆಡ್‌ಫೋನಿನಲ್ಲೂ ಅದು ಹಿಂದಿನಿಂದ, ಮೇಲಿನಿಂದ ಬಂದಂತೆ ಕೇಳಿಸಬಲ್ಲದು. ಸೆಕೆಂಡಿಗೆ 48,000 ಮಾದರಿಗಳ ಸಾಮಾನ್ಯ ಡಿಜಿಟಲ್ ಧ್ವನಿಯಲ್ಲಿ 0.65 ಮಿಲಿಸೆಕೆಂಡಿಗೆ 31 ಮಾದರಿಗಳು ಸಿಗುತ್ತವೆ. ದಿಕ್ಕಿನ ಸುಳಿವನ್ನು ಹೊರಲು ಎರಡು ವಾಹಿನಿಗಳು ಧಾರಾಳವಾಗಿ ಸಾಕು.

7.1ರ ದೋಷಗಳು

ಹೀಗೆ ನೋಡಿದಾಗ ಪೆಟ್ಟಿಗೆಯ ಮೇಲಿನ 7.1ಕ್ಕೆ ಎರಡು ಅರ್ಥಗಳಿವೆ. ಮೊದಲನೆಯದರಲ್ಲಿ ಪ್ರತಿ ಕಿವಿಯ ಬಟ್ಟಲಿನೊಳಗೆ ಮೂರು ನಾಲ್ಕು ಪುಟ್ಟ ಸ್ಪೀಕರ್‌ಗಳನ್ನು ಕೂರಿಸಿರುತ್ತಾರೆ. ಅವೆಲ್ಲ ಕಿವಿಯಿಂದ ಕೆಲವೇ ಸೆಂ.ಮೀ. ದೂರದಲ್ಲಿ ಒಂದೇ ಪಕ್ಕದಲ್ಲಿರುತ್ತವೆ. ಹಿಂದಿನ ಸದ್ದು ಎರಡೂ ಕಿವಿಗಳನ್ನು ತಲೆಯ ಸುತ್ತಿನಿಂದ ತಲುಪುವ ರೀತಿಯನ್ನು ಇವು ಅನುಕರಿಸಲಾರವು. ಜಾಗ ಸಾಲದೆ ಸ್ಪೀಕರ್‌ಗಳನ್ನು ಚಿಕ್ಕದು ಮಾಡಬೇಕಾಗುವುದರಿಂದ ಧ್ವನಿಯ ಗುಣಕ್ಕೂ ಪೆಟ್ಟು.

ಎರಡನೆಯದು ‘ವರ್ಚುವಲ್’ 7.1. ಇಲ್ಲಿ ಆಟ ಏಳು ಸ್ಪೀಕರ್‌ಗಳಿಗೆಂದು ಸಿದ್ಧಪಡಿಸಿದ ಧ್ವನಿಯನ್ನು ತಂತ್ರಾಂಶವು ಎಚ್‌ಆರ್‌ಟಿಎಫ್ ಮೂಲಕ ಎರಡಕ್ಕೆ ಇಳಿಸುತ್ತದೆ. ಇದರಲ್ಲಿ ವಿಜ್ಞಾನವಿದೆ; ತನ್ನದೇ ದಿಕ್ಕಿನ ಲೆಕ್ಕವಿಲ್ಲದ ಆಟಗಳಿಗೂ ಚಿತ್ರಗಳಿಗೂ ಇದು ಉಪಯುಕ್ತ. ಆದರೆ ಸುತ್ತು ಬಳಸಿದ ದಾರಿ. ಎದುರಾಳಿ ನಿಖರವಾಗಿ ಯಾವ ಕೋನದಲ್ಲಿದ್ದಾನೆಂಬುದು ಆಟಕ್ಕೆ ಗೊತ್ತು. ಅದನ್ನು ಮೊದಲು ಏಳು ಸ್ಥಿರ ದಿಕ್ಕುಗಳಿಗೆ ಹಂಚಿ, ಆಮೇಲೆ ಎರಡು ಕಿವಿಗಳಿಗೆ ಇಳಿಸಿದರೆ ನಡುವಿನ ಕೋನಗಳ ನಿಖರತೆ ಸೋರಿಹೋಗುತ್ತದೆ. ಏಳೂ ಸ್ಪೀಕರ್‌ಗಳು ಕಿವಿಯ ಮಟ್ಟದಲ್ಲೇ ಇರುವುದರಿಂದ ಮೇಲು-ಕೆಳಗಿನ ಮಾಹಿತಿಯಂತೂ ಇಲ್ಲವೇ ಇಲ್ಲ. ಎದುರಾಳಿಯ ಕೋನದಿಂದ ನೇರವಾಗಿ ಎರಡು ಕಿವಿಗಳಿಗೆ ಲೆಕ್ಕ ಹಾಕುವುದೇ ಸರಿಯಾದ ದಾರಿ.

ಈ ದಾರಿ ಹೊಸದೇನಲ್ಲ. 1980ರ ದಶಕದ ಕೊನೆಯಲ್ಲೇ ನಾಸಾದ ಏಮ್ಸ್ ಕೇಂದ್ರಕ್ಕಾಗಿ ‘ಕನ್ವಾಲ್ವೊಟ್ರಾನ್’ ಎಂಬ ಯಂತ್ರ ಇದನ್ನು ಮಾಡಿ ತೋರಿಸಿತ್ತು. 1990ರ ದಶಕದ ಕೊನೆಗೆ ಆರಿಯಲ್ ಕಂಪನಿಯ ‘ಎ3ಡಿ’ ತಂತ್ರ ಅದನ್ನು ಮನೆಯ ಕಂಪ್ಯೂಟರಿನ ಧ್ವನಿಕಾರ್ಡಿಗೆ ತಂದಿತು. 1998ರ ‘ಹಾಫ್-ಲೈಫ್’ ಆಟ ಅದನ್ನು ಬಳಸಿಕೊಂಡಿತು. ಕ್ರಿಯೇಟಿವ್ ಕಂಪನಿಯೊಂದಿಗಿನ ಪೇಟೆಂಟ್ ವ್ಯಾಜ್ಯದಲ್ಲಿ ಗೆದ್ದರೂ ಆರಿಯಲ್ 2000ದಲ್ಲಿ ದಿವಾಳಿಯಾಗಿ, ಅದರ ಆಸ್ತಿ ಕ್ರಿಯೇಟಿವ್ ಪಾಲಾಯಿತು. 2007ರಲ್ಲಿ ಮಾರುಕಟ್ಟೆಗೆ ಬಂದ ವಿಂಡೋಸ್ ವಿಸ್ತಾ, ಧ್ವನಿಕಾರ್ಡುಗಳು ಆಟದ ಮೂರು ಆಯಾಮದ ಧ್ವನಿಯನ್ನು ನೇರವಾಗಿ ನಿರ್ವಹಿಸುತ್ತಿದ್ದ ಹಳೆಯ ಏರ್ಪಾಟನ್ನು ತೆಗೆದುಹಾಕಿತು. ‘ಕೌಂಟರ್-ಸ್ಟ್ರೈಕ್: ಗ್ಲೋಬಲ್ ಅಫೆನ್ಸಿವ್’ನಂಥ ಜನಪ್ರಿಯ ಆಟಕ್ಕೆ ಎಚ್‌ಆರ್‌ಟಿಎಫ್ ಸೌಲಭ್ಯ ಬಂದದ್ದು 2016ರಲ್ಲಿ. ನಡುವಿನ ವರ್ಷಗಳಲ್ಲಿ ವಿಜ್ಞಾನ ಮರೆಯಾಗಿರಲಿಲ್ಲ. ವ್ಯಾಪಾರ ಬೇರೆ ದಾರಿ ಹಿಡಿದಿತ್ತು. ಎಣಿಸಲು ಸುಲಭವಾದ ಅಂಕಿ ಮಾರಲೂ ಸುಲಭ.

ಎಚ್‌ಆರ್‌ಟಿಎಫ್‌ಗೂ ಮಿತಿಯಿದೆ. ಅಳತೆ ಮಾಡಿದ್ದು ಬೇರೆಯವರ ಕಿವಿಯನ್ನು, ಕೇಳುವುದು ನಿಮ್ಮ ಕಿವಿ. ಇಬ್ಬರ ಹೊರಕಿವಿ ಒಂದೇ ತೆರನಾಗಿರುವುದಿಲ್ಲ. ಆದ್ದರಿಂದ ಸರಾಸರಿ ಮಾದರಿಯಲ್ಲಿ ಮುಂದು-ಹಿಂದಿನ ಗೊಂದಲ ಕೆಲವರಿಗೆ ಹೆಚ್ಚು, ಕೆಲವರಿಗೆ ಕಡಿಮೆ. ಆಟದಲ್ಲಿ ಇದಕ್ಕೊಂದು ಪರಿಹಾರವಿದೆ. ಮೌಸ್ ಸರಿಸಿದಾಗ ಆಟದೊಳಗಿನ ತಲೆ ತಿರುಗುತ್ತದೆ. ಸದ್ದು ಯಾವ ಕಡೆಗೆ ಸರಿಯಿತೆಂದು ಗಮನಿಸಿದರೆ ನಮ್ಮ ಪ್ರಯೋಗದ ನಾಲ್ಕನೆಯ ಸುತ್ತಿನಂತೆ ಅನುಮಾನ ನಿವಾರಣೆಯಾಗುತ್ತದೆ.

ಮಾಗಡಿಯ ಗುಹೆ

ದಿಕ್ಕಿನಷ್ಟೇ ಮುಖ್ಯವಾದದ್ದು ದೂರ. ಡೇವಿಡ್ ಲೀನ್ ನಿರ್ದೇಶಿಸಿದ, 1984ರಲ್ಲಿ ತೆರೆಕಂಡ ‘ಎ ಪ್ಯಾಸೇಜ್ ಟು ಇಂಡಿಯಾ’ ಚಿತ್ರದ ಮರಾಬಾರ್ ಗುಹೆಗಳ ಹೊರಗಿನ ದೃಶ್ಯಗಳಿಗೆ ಮಾಗಡಿ ತಾಲ್ಲೂಕಿನ ಸಾವನದುರ್ಗ ಮತ್ತು ರಾಮನಗರದ ರಾಮದೇವರ ಬೆಟ್ಟವನ್ನು ಬಳಸಲಾಯಿತು. ಕಾದಂಬರಿಗೆ ಪ್ರೇರಣೆಯಾದ ಗುಹೆಗಳು ಬಿಹಾರದ ಬರಾಬರ್ ಬೆಟ್ಟದವು. ಸಾವನದುರ್ಗದ ಬಂಡೆಯಲ್ಲಿ ಚಿತ್ರತಂಡ ಸಣ್ಣ ಗುಹೆಬಾಯಿಗಳನ್ನು ಕೆತ್ತಿಸಿತು. ಕಥೆಯಲ್ಲಿ ಗುಹೆಯ ಪ್ರತಿಧ್ವನಿಗೆ ಪ್ರಧಾನ ಪಾತ್ರವಿದೆ. ಕೆತ್ತಿದ ಸಣ್ಣ ಬಾಯಿಗೆ ಅಂಥ ಪ್ರತಿಧ್ವನಿ ಕೊಡುವ ಆಳವಿಲ್ಲ ಎಂಬುದನ್ನು ನೀವೇ ಊಹಿಸಬಹುದು. ಪರದೆಯ ಮೇಲಿನ ಬಂಡೆ ಮಾಗಡಿಯದು. ಗುಹೆಯೊಳಗಿನ ವಿಸ್ತಾರ ಮಾತ್ರ ಧ್ವನಿ ಕಟ್ಟುವವರ ಕೆಲಸ. ಆ ವರ್ಷದ ಆಸ್ಕರ್‌ನಲ್ಲಿ ಚಿತ್ರದ ಧ್ವನಿ ನಾಮನಿರ್ದೇಶನಗೊಂಡಿತ್ತು.

ಪ್ರತಿಧ್ವನಿ ಪ್ರತ್ಯೇಕವಾಗಿ ಕೇಳಲು ಅಡೆತಡೆ ಕನಿಷ್ಠ 17.2 ಮೀಟರ್ ದೂರವಿರಬೇಕೆಂದು ನೀವು ಪಾಠದಲ್ಲಿ ಓದಿರುತ್ತೀರಿ. 100 ಮೀಟರ್ ದೂರದ ಬಂಡೆಯಿಂದ ಪ್ರತಿಧ್ವನಿ ಮರಳಲು ಸುಮಾರು 0.58 ಸೆಕೆಂಡ್ ಬೇಕು. ಅದಕ್ಕಿಂತ ಬಹು ಬೇಗ, ಕೆಲವೇ ಮಿಲಿಸೆಕೆಂಡುಗಳಲ್ಲಿ, ಗೋಡೆ ನೆಲಗಳಿಂದ ಬರುವ ಪ್ರತಿಫಲನಗಳು ಬೇರೆಯಾಗಿ ಕೇಳುವುದಿಲ್ಲ. ಆದರೂ ಜಾಗದ ಗಾತ್ರವನ್ನೂ ಸದ್ದಿನ ದೂರವನ್ನೂ ತಿಳಿಸುತ್ತವೆ. ಹೆಡ್‌ಫೋನಿನ ಸದ್ದು ತಲೆಯೊಳಗಿನಿಂದ ಹೊರಬಂದು ನಿಲ್ಲಲು ಈ ಪ್ರತಿಫಲನಗಳು ತುಂಬ ನೆರವಾಗುತ್ತವೆ. ಒಳ್ಳೆಯ ಆಟಗಳು ಕೋಣೆ, ಸುರಂಗ, ಬಯಲುಗಳಿಗೆ ತಕ್ಕಂತೆ ಇವನ್ನು ಲೆಕ್ಕ ಹಾಕುತ್ತವೆ. ಆದರೆ ಹೆಡ್‌ಫೋನಿನ ತಂತ್ರಾಂಶ ಆಟ ನಡೆಯುವ ಜಾಗವನ್ನು ತಿಳಿಯದೆ ಎಲ್ಲಕ್ಕೂ ಒಂದೇ ‘ಸಭಾಂಗಣ’ದ ಅನುರಣನೆಯನ್ನು ಬೆರೆಸಿದರೆ ಬಯಲಿನ ಹೆಜ್ಜೆಯೂ ಸಭಾಂಗಣದಲ್ಲಿ ನಡೆದಂತೆ ಕೇಳುತ್ತದೆ. ಇದು ಸುಧಾರಣೆಯಲ್ಲ, ಅಲಂಕಾರ.

ಕನಕಪುರದ ಹೊಳೆಯ ಪಾಠ

ಕನಕಪುರ ತಾಲ್ಲೂಕಿನ ಮೇಕೆದಾಟಿನಲ್ಲಿ ಕಾವೇರಿ ಕಿರಿದಾದ ಕಲ್ಲಿನ ಕಮರಿಯಲ್ಲಿ ಹರಿಯುತ್ತದೆ. ಹೊಳೆ ತುಂಬಿದಾಗ ಪಕ್ಕದಲ್ಲಿದ್ದವರ ಮಾತೂ ಕೇಳದು. ಮಾತಿನ ಸದ್ದು ಕುಗ್ಗಿರುವುದಿಲ್ಲ. ಬಲವಾದ ಸದ್ದು ಅದನ್ನು ಮರೆಮಾಚಿರುತ್ತದೆ. ತಗ್ಗಿನ ಆವೃತ್ತಿಯ ಬಲವಾದ ಸದ್ದು ತನಗಿಂತ ಮೇಲಿನ ಆವೃತ್ತಿಗಳನ್ನು ಹೆಚ್ಚಾಗಿ ಮರೆಮಾಚುತ್ತದೆ ಎಂಬುದು ಕಿವಿಯ ಒಂದು ಗುಣ.

ಆಟದ ಹೆಡ್‌ಫೋನ್‌ಗಳ ಮೇಲಿನ ಎರಡನೆಯ ಆಕ್ಷೇಪ ಇಲ್ಲಿದೆ. ಸ್ಫೋಟದ ಸದ್ದು ಎದೆಗೆ ಬಡಿಯಬೇಕೆಂದು ಹಲವು ಮಾದರಿಗಳಲ್ಲಿ ತಗ್ಗಿನ ಆವೃತ್ತಿಗಳನ್ನು ವಿಪರೀತ ಹಿಗ್ಗಿಸಿರುತ್ತಾರೆ. ಅಂಗಡಿಯಲ್ಲಿ ಎರಡು ನಿಮಿಷ ಕೇಳಿದಾಗ ಇದು ಮೋಹಕ. ಆದರೆ ದಿಕ್ಕಿನ ಸುಳಿವು ಹೊತ್ತ ಮೇಲಿನ ಆವೃತ್ತಿಗಳು, ಕಲ್ಲಿನ ಮೇಲಿನ ಹೆಜ್ಜೆ, ಬಾಗಿಲ ಕಿರಗುಟ್ಟುವಿಕೆ, ಎಲ್ಲ ಈ ಪ್ರವಾಹದಲ್ಲಿ ಮುಳುಗುತ್ತವೆ. ‘ಶೋಲೆ’ ಮೌನಕ್ಕೆ ಜಾಗ ಬಿಟ್ಟು ಸಾಧಿಸಿದ್ದನ್ನು ಇವು ಗದ್ದಲದಿಂದ ಕಳೆಯುತ್ತವೆ.

ಹಾಗಾದರೆ ಏನು ಮಾಡಬೇಕು?

ಹೊಸದನ್ನು ಕೊಳ್ಳುವ ಮೊದಲು ಇರುವ ಹೆಡ್‌ಫೋನಿನಲ್ಲೇ ಕೆಲವು ಕೆಲಸ ಮಾಡಿ ನೋಡಿ.

ಮೊದಲನೆಯದು, ಎಡ ಮತ್ತು ಬಲ ಅದಲುಬದಲಾಗಿಲ್ಲವೆಂದು ಖಚಿತಪಡಿಸಿಕೊಳ್ಳಿ. ವಿಂಡೋಸ್‌ನಲ್ಲಿ ‘ಮೊನೊ ಆಡಿಯೊ’ ಆಯ್ಕೆ ಚಾಲೂ ಇದ್ದರೆ ಆರಿಸಿ. ಅದು ಎರಡೂ ಕಿವಿಗೆ ಒಂದೇ ಸದ್ದು ಕೊಡುತ್ತದೆ. ಒಂದು ಕಿವಿ ಮಾತ್ರ ಕೇಳುವವರಿಗೆ ಈ ಆಯ್ಕೆ ಅತ್ಯಗತ್ಯ, ಉಳಿದವರಿಗೆ ದಿಕ್ಕಿನ ನಾಶ.

ಎರಡನೆಯದು, ದಿಕ್ಕಿನ ಲೆಕ್ಕ ಒಂದೇ ಕಡೆ ನಡೆಯಲಿ. ಆಟದಲ್ಲಿ ಎಚ್‌ಆರ್‌ಟಿಎಫ್ ಇದ್ದರೆ ಅದನ್ನು ಚಾಲೂ ಮಾಡಿ, ಹೆಡ್‌ಫೋನಿನ 7.1 ಮತ್ತು ವಿಂಡೋಸ್‌ನ ಧ್ವನಿ ಪರಿಣಾಮಗಳನ್ನು ನಿಲ್ಲಿಸಿ. ಎರಡೂ ಇದ್ದರೆ ಉಪ್ಪು ಹಾಕಿದ ಸಾರಿಗೆ ಮತ್ತೆ ಉಪ್ಪು ಹಾಕಿದಂತೆ. ಆಟದಲ್ಲಿ ಆ ಸೌಲಭ್ಯವಿಲ್ಲದಿದ್ದರೆ ಮಾತ್ರ ‘ವಿಂಡೋಸ್ ಸೋನಿಕ್’ನಂಥ, ಪ್ರತ್ಯೇಕ ಹಣ ಕೇಳದ ಸೌಲಭ್ಯವನ್ನು ಪ್ರಯತ್ನಿಸಿ.

ಮೂರನೆಯದು, ಆಟದ ಸಂಗೀತವನ್ನು ತಗ್ಗಿಸಿ. ಈಕ್ವಲೈಸರ್‌ನಲ್ಲಿ ಮೇಲಿನ ಆವೃತ್ತಿಗಳನ್ನು ಏರಿಸುವುದಕ್ಕಿಂತ ತಗ್ಗಿನವನ್ನು ಕೆಲವು ಡೆಸಿಬಲ್ ಇಳಿಸುವುದು ಒಳಿತು. ಒಟ್ಟು ಸದ್ದು ಹೆಚ್ಚದೆ ಹೆಜ್ಜೆಗಳು ತೇಲಿ ಬರುತ್ತವೆ.

ನಾಲ್ಕನೆಯದು, ಸಾಧ್ಯವಾದರೆ ತಂತಿಯ ಹೆಡ್‌ಫೋನ್ ಬಳಸಿ. ಸಾಮಾನ್ಯ ಬ್ಲೂಟೂತ್ ಜೋಡಣೆಯಲ್ಲಿ ಸದ್ದು ಸೆಕೆಂಡಿನ ಹತ್ತರಲ್ಲೊಂದು ಭಾಗಕ್ಕಿಂತ ಹೆಚ್ಚು ತಡವಾಗುವುದುಂಟು. ಹಳೆಯ ಬಗೆಯ ಬ್ಲೂಟೂತ್‌ನಲ್ಲಿ ಮೈಕ್ ಚಾಲೂ ಆದೊಡನೆ ಧ್ವನಿ ದೂರವಾಣಿಯ ಮಟ್ಟಕ್ಕೆ ಇಳಿದು ಒಂದೇ ವಾಹಿನಿಯಾಗುತ್ತದೆ.

ಐದನೆಯದು, ಕೊಳ್ಳಲೇಬೇಕಾದರೆ ಎರಡು ಕಿವಿಗಳ ಸ್ಪೀಕರ್‌ಗಳು ಸರಿಸಮನಾಗಿವೆಯೇ, ಆವೃತ್ತಿಗಳು ಸಮತೋಲದಲ್ಲಿವೆಯೇ, ಗಂಟೆಗಟ್ಟಲೆ ಧರಿಸಲು ಹಿತವಾಗಿದೆಯೇ ಎಂದು ನೋಡಿ. ಸದ್ದಿಲ್ಲದ ಕೋಣೆಯಿದ್ದರೆ ಬೆನ್ನು ತೆರೆದ ಬಗೆಯ ಹೆಡ್‌ಫೋನ್ ಸಹಜವಾಗಿ ಕೇಳುತ್ತದೆ; ಗದ್ದಲದ ಮನೆಗೆ ಮುಚ್ಚಿದ ಬಗೆಯೇ ಸೂಕ್ತ. ಸಂಗೀತಕ್ಕೆ ಚೆನ್ನಾಗಿರುವ ಸಾಧಾರಣ ಸ್ಟೀರಿಯೊ ಹೆಡ್‌ಫೋನ್ ಆಟಕ್ಕೂ ಚೆನ್ನಾಗಿಯೇ ಇರುತ್ತದೆ.

ಹಣಕ್ಕಿಂತ ದೊಡ್ಡ ನಷ್ಟ

ಹೆಜ್ಜೆ ಕೇಳಿಸದಿದ್ದಾಗ ಆಟಗಾರ ಸಾಮಾನ್ಯವಾಗಿ ಮಾಡುವುದು ಸದ್ದು ಹೆಚ್ಚಿಸುವುದು. ಅದರೊಂದಿಗೆ ಗುಂಡಿನ ಸದ್ದೂ ಹೆಚ್ಚುತ್ತದೆ. ವಯಸ್ಕರಿಗೆ ವಾರಕ್ಕೆ 80 ಡೆಸಿಬಲ್‌ನಲ್ಲಿ 40 ಗಂಟೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಮಕ್ಕಳಿಗೆ ಅದು 75 ಡೆಸಿಬಲ್. ಪ್ರತಿ 3 ಡೆಸಿಬಲ್ ಏರಿಕೆಗೆ ಸುರಕ್ಷಿತ ಅವಧಿ ಅರ್ಧವಾಗುತ್ತದೆ. ಲೆಕ್ಕ ಹಾಕಿ: 83ಕ್ಕೆ 20 ಗಂಟೆ, 86ಕ್ಕೆ 10, 89ಕ್ಕೆ 5, 92ಕ್ಕೆ ವಾರವಿಡೀ ಎರಡೂವರೆ ಗಂಟೆ ಮಾತ್ರ. 50,000ಕ್ಕೂ ಹೆಚ್ಚು ಜನರನ್ನು ಒಳಗೊಂಡ 14 ಅಧ್ಯಯನಗಳ ವಿಮರ್ಶೆಯೊಂದು 2024ರಲ್ಲಿ ಪ್ರಕಟವಾಯಿತು. ಆಟಗಾರರು ಕೇಳುವ ಸದ್ದು ಅನೇಕ ವೇಳೆ ಈ ಮಿತಿಯ ಸಮೀಪದಲ್ಲಿ ಅಥವಾ ಅದನ್ನು ಮೀರಿರುತ್ತದೆ ಎಂದು ಅದು ತೋರಿಸಿತು. ಒಳಗಿವಿಯ ರೋಮಕೋಶಗಳು ಒಮ್ಮೆ ಸತ್ತರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಅವುಗಳಲ್ಲಿ ಮೊದಲು ಕೆಡುವುದು ಎತ್ತರದ ಆವೃತ್ತಿಗಳನ್ನು ಗ್ರಹಿಸುವವು. ಹೊರಕಿವಿಯ ಸುಳಿವುಗಳು ಇರುವುದೂ ಆ ಆವೃತ್ತಿಗಳಲ್ಲೇ. ದಿಕ್ಕು ತಿಳಿಯಲೆಂದು ಸದ್ದು ಹೆಚ್ಚಿಸುವವರು ದಿಕ್ಕು ತಿಳಿಯುವ ಶಕ್ತಿಯನ್ನೇ ಒತ್ತೆ ಇಡುತ್ತಿದ್ದಾರೆ. ರಸ್ತೆ ದಾಟುವಾಗ ಹಿಂದಿನಿಂದ ಬರುವ ಬಸ್ಸನ್ನು ಅರಿಯಲು ಬೇಕಾದದ್ದೂ ಇದೇ ಶಕ್ತಿ.

ಹೆಡ್‌ಫೋನ್ ತಯಾರಕರು ಸ್ಪೀಕರ್‌ಗಳ ಸಂಖ್ಯೆಯ ಬದಲು ಎರಡು ಬದಿಗಳ ಸಮತೋಲ, ಆವೃತ್ತಿಗಳ ನಕ್ಷೆ, ತಲುಪುವ ಗರಿಷ್ಠ ಡೆಸಿಬಲ್ ಮತ್ತು ವಿಳಂಬವನ್ನು ಪೆಟ್ಟಿಗೆಯ ಮೇಲೆ ಮುದ್ರಿಸಬೇಕು. ಪತ್ರಿಕೆಗಳಲ್ಲಿ ವಿಮರ್ಶೆ ಬರೆಯುವವರು ‘ಸದ್ದು ಸುತ್ತಲೂ ಕೇಳುತ್ತದೆ’ ಎಂದು ಬರೆಯುವ ಮುನ್ನ ಕಣ್ಣು ಮುಚ್ಚಿ, ದಿಕ್ಕು ತೋರಿಸಿ, ಸರಿ-ತಪ್ಪುಗಳನ್ನು ಎಣಿಸಬೇಕು. ಅದಕ್ಕೆ ಬೇಕಾದ ವಿಧಾನ ನಿಮಗೀಗ ಗೊತ್ತಿದೆ. ಶಿಕ್ಷಕರೇ, ‘ಶಬ್ದ’ದ ಪಾಠ ಬಂದಾಗ ಗಿಲಕಿಯ ಪ್ರಯೋಗದ ನಾಲ್ಕು ಸುತ್ತುಗಳನ್ನು ಮಾಡಿಸಿ. ವಿದ್ಯಾರ್ಥಿಗಳೇ, ಬಂದ ಅಂಕಿಗಳನ್ನು ಪಟ್ಟಿ ಮಾಡಿ, ನಂತರ ಅದೇ ಪರೀಕ್ಷೆಯನ್ನು ಹೆಡ್‌ಫೋನ್ ಹಾಕಿಕೊಂಡು, ಆಟದೊಳಗಿನ ಹೆಜ್ಜೆಯ ಸದ್ದಿನಿಂದ, 7.1 ಚಾಲೂ ಇದ್ದಾಗಲೂ ಇಲ್ಲದಾಗಲೂ ಮಾಡಿ. ಎರಡು ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದ ಮೇಲೆ, ಪೆಟ್ಟಿಗೆಯ ಮೇಲಿನ ಅಂಕಿಗೆ ಎಷ್ಟು ಬೆಲೆ ಕೊಡಬೇಕೆಂದು ನೀವೇ ತೀರ್ಮಾನಿಸಬಹುದು.